ಅಂಬುಜಮ್ಮನವರ ಎಡಗಾಲು

ಚಾಮರಾಜಪುರದ ಭಜನೆ ಮಂದಿರದ ಹಿಂದಿನ ಹಜಾರದಲ್ಲಿ ಲಾಟೀನು ಇನ್ನೂ ಆರಿಲ್ಲ. ಸುತ್ತಲ ಮನೆಗಳ ಬಚ್ಚಲ ಒಲೆಗಳಿಂದ ಹೊಗೆ ಏಳುತ್ತಿದೆ. ಹಂಡೆಗಳಲ್ಲಿ ನೀರು ಕಾಯುವ ಹೊತ್ತು. ಆ ಮನೆಗಳ ಹೆಂಗಸರು ಮಾತ್ರ ಸ್ನಾನವನ್ನು ಆಮೇಲಕ್ಕಿಟ್ಟುಕೊಂಡು, ರಾತ್ರಿ ಉಟ್ಟ ಸೀರೆಯಲ್ಲೇ ಬಂದು ಜಮಖಾನದ ಮೇಲೆ ಕಾಲು ನೀಡಿ ಕೂತಿದ್ದಾರೆ. ಮುಂದಕ್ಕೆ ಬಾಗಿ ಕಾಲಿನ ಹೆಬ್ಬೆರಳು ಹಿಡಿಯಬೇಕು, ಮಂಡಿ ನೆಲ ಬಿಡಬಾರದು. ಅಂಬುಜಮ್ಮ ಒಬ್ಬೊಬ್ಬರ ಪಕ್ಕಕ್ಕೂ ಹೋಗಿ, ತಮ್ಮ ಎಡಗಾಲನ್ನು ಒಂದಿಷ್ಟು ಹೊರಕ್ಕೆ ಚಾಚಿ ಕೂತು, ಅವರ ಮಂಡಿಯ ಮೇಲೆ ಒಂದು ಕೈ, ಸೊಂಟದ ಮೇಲೆ ಒಂದು ಕೈ ಇಡುತ್ತಾರೆ.

"ಉಸಿರು ಬಿಡಿ. ಬಿಡಿ ಅಂದ್ರೆ ಪೂರ್ತಿ ಬಿಡ್ಬೇಕು ಭಾಗ್ಯಮ್ಮನವ್ರೇ, ನಾಳೆಗೆ ಅಂತ ಉಳಿಸ್ಕೋಬಾರ್ದು."

"ನನ್ನ ವಯಸ್ಸಿಗೆ ನಾಳೆಗೆ ಒಂಚೂರು ಉಳಿಸ್ಕೊಂಡಿರೋದೇ ಕ್ಷೇಮ ಕಣಮ್ಮ" ಎನ್ನುತ್ತಾರೆ ಭಾಗ್ಯಮ್ಮ, ತಲೆ ಎತ್ತದೆ. ಈ ಗುಂಪಿಗೆಲ್ಲ ಹಿರಿಯರು ಅವರು.

ಹಜಾರದಲ್ಲಿ ನಗು ಹರಡುತ್ತದೆ, ಬೇಗ ಅಡಗಿಯೂ ಹೋಗುತ್ತದೆ. ಎಲ್ಲರ ಮನಸ್ಸೂ ಹನ್ನೊಂದು ಗಂಟೆಯ ಮೇಲಿದೆ. ಊರಿನ ಮಹಿಳಾ ಸಮಾಜವೊಂದು ನಡೆಸುವ ಹೆಣ್ಣುಮಕ್ಕಳ ಶಾಲೆಗೆ ಜೂನ್ ತಿಂಗಳಿಂದ ಯೋಗ ಮತ್ತು ನೃತ್ಯ ಕಲಿಸುವವರು ಬೇಕಾಗಿದ್ದಾರೆ. ಸಮಾಜದವರು ಇಂದು ಅಂಬುಜಮ್ಮನವರ ಶಿಷ್ಯೆಯರನ್ನು ನೋಡಿ ತೀರ್ಮಾನಿಸಲಿದ್ದಾರೆ. ಬೇರೆ ಅಭ್ಯರ್ಥಿಗಳ ಕೈಯಲ್ಲಿ ಸರ್ಟಿಫಿಕೇಟುಗಳಿವೆ. ಅಂಬುಜಮ್ಮನಿಗೆ ಇರುವುದು ಈ ಹದಿನಾಲ್ಕು ಹೆಂಗಸರು. ಕೆಲಸ ಸಿಗದಿದ್ದರೆ ಈ ತರಗತಿಯೂ ಉಳಿಯುವ ಹಾಗಿಲ್ಲ, ಹಜಾರವನ್ನು ಬರುವ ತಿಂಗಳಿಂದ ಅಕ್ಕಿ ದಾಸ್ತಾನಿಗೆ ಬಿಟ್ಟುಕೊಡುವುದಾಗಿ ಮಂದಿರದವರು ಹೇಳಿಬಿಟ್ಟಿದ್ದಾರೆ.

ಅಂಬುಜಮ್ಮನಿಗೆ ಈಗ ನಲವತ್ತೊಂದು. ಲಷ್ಕರ್ ಮೊಹಲ್ಲಾದ ಸಣ್ಣ ಮನೆಯಲ್ಲಿ ತಾಯಿಯೊಡನೆ ಇದ್ದಾರೆ. ತಾಯಿ ಒಂದು ಕಾಲಕ್ಕೆ ದಸರೆಯಲ್ಲಿ, ದೊಡ್ಡ ಮನೆಗಳ ಮದುವೆಯಲ್ಲಿ ಕುಣಿದವರು; ಮಗಳಿಗೂ ಏಳನೇ ವಯಸ್ಸಿಗೆ ಗೆಜ್ಜೆ ಕಟ್ಟಿದರು. ಆ ಮನೆತನದ ಹೆಣ್ಣುಮಕ್ಕಳನ್ನು ಊರು ಕುಣಿಯಲು ಕರೆಯುತ್ತಿತ್ತು, ಊಟದ ಪಂಕ್ತಿಗೆ ಕರೆಯುತ್ತಿರಲಿಲ್ಲ. ಇದನ್ನು ಅಂಬುಜಮ್ಮ ದೂರಿನಂತೆ ಹೇಳುವುದಿಲ್ಲ. ಮಳೆ ಬಂತು, ನಿಂತಿತು ಎನ್ನುವ ಹಾಗೆ ಹೇಳುತ್ತಾರೆ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಹೊಸದಾಗಿ ಕಟ್ಟಿಸಿದ ಮನೆಯೊಂದರಲ್ಲಿ ಮದುವೆ. ನುಣ್ಣನೆಯ ಕೆಂಪು ಸಿಮೆಂಟಿನ ನೆಲ, ಅದರ ಮೇಲೆ ಬೀಗರಿಗೆ ಎರಚಿದ ಪನ್ನೀರು. ಕೊನೆಯ ಬಿರುಸಿನ ಹೆಜ್ಜೆಯಲ್ಲಿ ಅಂಬುಜಮ್ಮ ಜಾರಿದರು. "ಬಿದ್ದದ್ದೂ ನಾಟ್ಯವೇ ಅಂತ ಯಾರೋ ಚಪ್ಪಾಳೆ ತಟ್ಟಿದ್ರು. ನಾನೂ ಒಂದು ಗಳಿಗೆ ಮುಖದ ಮೇಲಿನ ನಗು ಬಿಡಲಿಲ್ಲ, ನೋಡಿ. ಅಭ್ಯಾಸ." ಎಡ ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತು. ತಿಂಗಳುಗಟ್ಟಲೆ ಹಾಸಿಗೆ. ಕುಣಿತದ ಕರೆ ಒಂದೊಂದಾಗಿ ನಿಂತಿತು.

ಅವರನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿದವರು ನಜರ್‌ಬಾದಿನ ಗರಡಿಯ ಉಸ್ತಾದರು ಜವರಯ್ಯ. ಇಲವಾಲದ ಕಡೆಯ ಒಕ್ಕಲು ಮನೆತನ, ಹರೆಯದಲ್ಲಿ ಕುಸ್ತಿಯ ಜೊತೆಗೆ ಆಸನಗಳನ್ನೂ ಕಲಿತ ಆಳು. ಮಂಡಿಯನ್ನು ದೂರದಿಂದಲೇ ನೋಡಿ ಅವರು ಹೇಳಿದ್ದು ಇಷ್ಟು: "ಮುರ್ದಿಲ್ಲ ಕಣವ್ವ. ಮುನಿಸ್ಕಂಡದೆ. ಮುನಿಸ್ಕಂಡೋರ್ನ ಎಂಗೆ ಕರೀತಾರೆ? ಮೆತ್ತಗೆ."

ಗರಡಿಯ ಮಣ್ಣು ಹೆಂಗಸರು ತುಳಿಯುವಂತಿಲ್ಲ. ಉಸ್ತಾದರು ಹೆಣ್ಣುಮಗಳ ಕಾಲು ಮುಟ್ಟುವಂತೆಯೂ ಇಲ್ಲ. ಅದಕ್ಕೆ ಅಂಬುಜಮ್ಮ ಪಕ್ಕದ ಮನೆಯ ಜಗಲಿಯ ಮೇಲೆ ಕೂರುತ್ತಿದ್ದರು, ಜವರಯ್ಯ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದರು, ಅವರ ಹೆಂಡತಿ ಕೆಂಚಮ್ಮ ಹಿಡಿದು, ಒತ್ತಿ, ಎಳೆದು ಮಾಡಿಸುತ್ತಿದ್ದರು. ಗಂಡ ಹೆಂಡತಿ ನಡುವೆ ದಿನವೂ ಜಗಳ. "ಅವ್ರು ಬಾಯಲ್ ಏಳ್ಬುಡ್ತಾರೆ. ಕಾಲು ಏನಂತದೆ ಅಂತ ನನ್ ಕೈಗಲ್ವ ಗೊತ್ತಾಗೋದು?" ಎಂದು ಕೆಂಚಮ್ಮ ಗದರಿದರೆ ಜವರಯ್ಯ ಗರಡಿಯೊಳಕ್ಕೆ ಸರಿದುಬಿಡುತ್ತಿದ್ದರು. ಒಂದೂವರೆ ವರ್ಷದಲ್ಲಿ ಅಂಬುಜಮ್ಮ ಕೋಲಿಲ್ಲದೆ ನಡೆದರು. ಮಂಡಿ ಮಾತ್ರ ಪೂರ್ತಿ ನೇರವಾಗಲಿಲ್ಲ. ಕಾಲು ನೀಡಿ ಕೂತರೆ ಅದರ ಕೆಳಗೆ ಒಂದು ಬೆರಳು ಆಡುವಷ್ಟು ಸಂದು ಉಳಿದೇ ಹೋಯಿತು. ವೇದಿಕೆಯೂ ಅಲ್ಲಿಗೆ ಮುಗಿಯಿತು.

ಆಮೇಲೆ ಈ ಹಜಾರದಲ್ಲಿ ಹುಡುಗಿಯರಿಗೆ ನೃತ್ಯ ಹೇಳಿಕೊಡತೊಡಗಿದರು. ಭಾಗ್ಯಮ್ಮನವರ ಸೊಸೆ ನಾಗಮಣಿ, ಮಗಳು ಶಾರದಳನ್ನು ಪಾಠಕ್ಕೆ ಕರೆತರುತ್ತಿದ್ದವರು, ಒಂದು ದಿನ ತಮ್ಮ ಬೆನ್ನುನೋವಿನ ಮಾತೆತ್ತಿದರು. ಜವರಯ್ಯ ಹೇಳಿದ್ದನ್ನೇ ಅಂಬುಜಮ್ಮ ಅವರಿಗೆ ಹೇಳಿದರು. ನೋವು ಇಳಿಯಿತು. ಸೊಸೆ ಎಲ್ಲಿಗೆ ಹೋಗುತ್ತಾಳೆಂದು ಪತ್ತೆ ಮಾಡಲು ಬಂದ ಭಾಗ್ಯಮ್ಮ, ಬಾಗಿಲಲ್ಲೇ ನಿಂತು ನೋಡಿ, ಮಾರನೆಯ ದಿನ ತಮ್ಮ ಚಾಪೆ ತಂದರು. ಅವರ ಹಿಂದೆ ಬೀದಿಯೇ ಬಂತು.

ಎಲ್ಲರೂ ಬರುತ್ತಿದ್ದದ್ದು ಸ್ನಾನ ಮುಗಿಸಿ, ಮಡಿ ಉಟ್ಟು, ಅಡುಗೆ ಒಲೆ ಹಚ್ಚುವುದಕ್ಕೆ ಮುಂಚೆ. ಮಡಿಯವರನ್ನು ಮುಟ್ಟುವಂತಿಲ್ಲ. ಮಡಿ ಎಂಬ ಮಾತಿನ ಹಿಂದೆ ಇನ್ನೊಂದು ಮಾತೂ ಇದ್ದಿರಬಹುದು. ಅದನ್ನು ಯಾರೂ ಆಡಲಿಲ್ಲ, ಅಂಬುಜಮ್ಮ ಕೇಳಲೂ ಇಲ್ಲ. ಎಡಬಲ ಗಲಿಬಿಲಿಯಾಗದಿರಲೆಂದು, ಕುಣಿತದ ಪಾಠದಂತೆಯೇ, ಶಿಷ್ಯೆಯರಿಗೆ ಬೆನ್ನು ಮಾಡಿ ಕೂತು ತಾವು ಮಾಡಿ ತೋರಿಸುತ್ತಿದ್ದರು. ಅವರು ನೋಡಿ ಮಾಡುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು.

ಮೂರು ವಾರದ ಕೆಳಗೆ ನೆಗಡಿಗೆ ಗಂಟಲು ಕಟ್ಟಿತು. ಅಂದು ನಾಗಮಣಿಯನ್ನು ಮುಂದೆ ಕೂರಿಸಿ, ಅಂಬುಜಮ್ಮ ಹಿಂದಿನಿಂದ ಸುತ್ತು ಹಾಕುತ್ತ ನೋಡಿದರು. "ಮೊದಲು ನಾಗಮಣಿಯ ಮಂಡಿ ಕಾಣಿಸ್ತು. ಎಡದ್ದು ಮೇಲಕ್ಕೆದ್ದು ಪಾದ ಹೊರಗೆ ವಾಲಿತ್ತು. ಏನಪ್ಪ ಇವಳು ಅಂದ್ಕೊಂಡೆ. ಪಕ್ಕದವರದ್ದು ನೋಡಿದೆ, ಹಂಗೇ. ಅವರಾಚೆಯವರದ್ದೂ ಹಂಗೇ. ಬಿದ್ದವಳು ನಾನೊಬ್ಬಳು, ಕುಂಟ್ತಿರೋರು ಹದಿನಾಲ್ಕು ಜನ."

ಅಷ್ಟೊತ್ತಿಗೆ ಸಮಾಜದವರು ಬರುವ ದಿನ ಗೊತ್ತಾಗಿತ್ತು. ಮಂಡಿ ಒತ್ತಿ, ಪಾದ ನೇರ ಮಾಡಿ ಎಂದು ಒಡೆದ ದನಿಯಲ್ಲೇ ಹೇಳಿ ನೋಡಿದರು. ಒತ್ತುತ್ತಿದ್ದೇವೆ ಎಂದೇ ಎಲ್ಲರೂ ನಂಬಿದ್ದರು. ಹೈಸ್ಕೂಲು ಮೇಷ್ಟರ ಹೆಂಡತಿ ಕಮಲ ಬಾಯಿಗೆ ಸೆರಗು ಮುಚ್ಚಿ, "ಆಸನ ಇರೋದೇ ಹಿಂಗೆ ಅಂತ ನಮ್ಮತ್ತೆಗೂ ಹೇಳ್ಕೊಟ್ಬಿಟ್ಟಿದ್ದೀನಲ್ರೀ" ಅಂದರು.

ಅಂಬುಜಮ್ಮ ನಗಲಿಲ್ಲ. "ಇದು ಬಾಯಲ್ಲಿ ಹೇಳಿ ಸರಿಯಾಗೋದಲ್ಲ. ಕೈಯಿಟ್ಟು ತಿದ್ದಬೇಕು. ನಿಮಗೆ ಅದು ಆಗದು ಅಂದ್ರೆ ನಾನು ಬಲವಂತ ಮಾಡಲ್ಲ, ಬರಬೇಡಿ ಅಂತ ಸಮಾಜದವರಿಗೆ ಹೇಳಿ ಕಳಿಸ್ತೀನಿ. ನನ್ನ ಊನವನ್ನ ವಿದ್ಯೆ ಅಂತ ತೋರಿಸೋಕೆ ನನ್ನಿಂದಾಗಲ್ಲ."

ಭಾಗ್ಯಮ್ಮ ಚಾಪೆ ಸುತ್ತಿಕೊಂಡು ಎದ್ದು ಹೋದರು, ಉಳಿದವರು ಅವರ ಹಿಂದೆ. ಆ ರಾತ್ರಿ ಅಂಬುಜಮ್ಮ ತಾಯಿಗೆ, ತರಗತಿ ಮುಗಿದ ಹಾಗೆಯೇ ಅಂದರಂತೆ. ಆದರೂ ಬೆಳಗ್ಗೆ ಹಜಾರ ಗುಡಿಸಲು ಹೋದರು. ಗುಡಿಸಿಡದೆ ಬಿಟ್ಟು ಹೋದಳು ಅನ್ನಿಸಿಕೊಳ್ಳಬಾರದು, ಅಷ್ಟೇ.

ಹೋದರೆ ಬಾಗಿಲಲ್ಲಿ ಭಾಗ್ಯಮ್ಮ. ಮಾಸಲು ಸೀರೆ, ಕೆದರಿದ ಕೂದಲು. ಅವರ ಬೆನ್ನಿಗೆ ಬೀದಿಯವರೆಲ್ಲ ಅದೇ ವೇಷದಲ್ಲಿ. "ಯಾರೂ ಇನ್ನೂ ನೀರು ಹಾಕ್ಕೊಂಡಿಲ್ಲ" ಅಂದರು ಭಾಗ್ಯಮ್ಮ. "ಮುಟ್ಟೋದೆಲ್ಲ ಮುಟ್ಟಿ ಮುಗಿಸು. ಆಮೇಲೆ ಹೋಗಿ ಸ್ನಾನ ಮಾಡ್ತೀವಿ. ಸ್ನಾನಕ್ಕೆ ಮುಂಚೆ ಎಂಥಾ ಮಡಿ?"

ಅಂದಿನಿಂದ ಅಂಬುಜಮ್ಮ ಇನ್ನೂ ಕತ್ತಲಿರುವಾಗಲೇ ಲಷ್ಕರ್ ಮೊಹಲ್ಲಾದಿಂದ ನಡೆದು ಬರುತ್ತಿದ್ದಾರೆ. ಮೊದಲ ದಿನ ಕೈ ಇಟ್ಟಾಗ ಕೆಲವರು ಮೈ ಬಿಗಿದರು. ನಾಗಮಣಿಗೆ ಕಣ್ಣೀರು ಬಂತು, ಯಾಕೆಂದು ಅವರಿಗೇ ತಿಳಿಯಲಿಲ್ಲ. ಒಂದೊಂದೇ ಮಂಡಿ ನೆಲಕ್ಕಿಳಿಯಿತು.

ಹನ್ನೊಂದಕ್ಕೆ ಸರಿಯಾಗಿ ಜಟಕಾ ಬಂದು ನಿಲ್ಲುತ್ತದೆ. ಸಮಾಜದ ಮೂವರು ಇಳಿಯುತ್ತಾರೆ. ಅವರಲ್ಲಿ ನಿರ್ಧಾರ ವೇದವತಿಯವರದು. ಬಹಳ ಕಾಲ ಡ್ರಿಲ್ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ. ಶಿಷ್ಯೆಯರು ಈಗ ಸ್ನಾನ ಮುಗಿಸಿ, ಕಚ್ಚೆ ಹಾಕಿ ಸೀರೆ ಉಟ್ಟು ಕೂತಿದ್ದಾರೆ. ಉಸಿರಿನ ಪಾಠ ಆಗುತ್ತದೆ. ಶಾರದ ಮತ್ತು ಗೆಳತಿಯರ ನೃತ್ಯ ಆಗುತ್ತದೆ. ಕೊನೆಗೆ ಹೆಂಗಸರು ಕಾಲು ನೀಡಿ ಬಾಗುತ್ತಾರೆ.

ವೇದವತಿ ಎದ್ದು ಸಾಲಿನುದ್ದಕ್ಕೂ ನಡೆಯುತ್ತಾರೆ. ಕೈಯಲ್ಲಿದ್ದ ಬೀಸಣಿಗೆಯ ಅಂಚನ್ನು ಒಬ್ಬೊಬ್ಬರ ಮಂಡಿಯ ಕೆಳಗೆ ತೂರಿಸಿ ನೋಡುತ್ತಾರೆ. ಎಲ್ಲೂ ತೂರುವುದಿಲ್ಲ. ಅಂಬುಜಮ್ಮನ ಕಡೆ ತಿರುಗುತ್ತಾರೆ. "ನೀವೂ ಒಂದ್ಸಲ ಮಾಡಿ."

ಅಂಬುಜಮ್ಮ ಕೂತು ಕಾಲು ನೀಡುತ್ತಾರೆ. ಎಡ ಮಂಡಿಯ ಕೆಳಗೆ ಬೀಸಣಿಗೆ ಸಲೀಸಾಗಿ ಹೋಗುತ್ತದೆ.

"ನಿಮ್ಮದೇ ಇಳಿಯಲ್ಲವಲ್ಲ" ಎನ್ನುತ್ತಾರೆ ವೇದವತಿ, ಒರಟಾಗಿ ಅಲ್ಲ. "ಮಕ್ಕಳು ಮೇಡಂನ ನೋಡಿಯೇ ಅಲ್ಲವಾ ಕಲಿಯೋದು?"

"ಹೌದಮ್ಮ. ಇವರೂ ಹಂಗೇ ಕಲಿತು ನನ್ನ ಹಾಗೇ ಆಗಿದ್ರು. ಅದಕ್ಕೇ ಈಗ ತೋರಿಸಲ್ಲ, ಕೈಯಿಟ್ಟು ಕಲಿಸ್ತೀನಿ."

ವೇದವತಿಯ ಹುಬ್ಬು ಇನ್ನೂ ಇಳಿದಿಲ್ಲ. ಆಗ ಸಾಲಿನ ತುದಿಯಿಂದ ಭಾಗ್ಯಮ್ಮನ ದನಿ ಬರುತ್ತದೆ. "ಬಾಮ್ಮ ಅಂಬುಜ, ಹೆಂಗೆ ಕಲಿಸ್ತೀಯ ಅಂತ ನನ್ನ ಮೇಲೇ ತೋರಿಸು."

ಇಂದು ಏಕಾದಶಿ. ಭಾಗ್ಯಮ್ಮ ಸ್ನಾನವಾದಾಗಿನಿಂದ ಮಡಿಯಲ್ಲಿದ್ದಾರೆ, ರಾತ್ರಿಯ ಪೂಜೆಯವರೆಗೂ ಇರಬೇಕು. ಅಂಬುಜಮ್ಮ ಹತ್ತಿರ ಹೋಗಿ, ಒಂದು ಮೊಳ ದೂರದಲ್ಲಿ ನಿಂತುಬಿಡುತ್ತಾರೆ. "ಅತ್ತೆ, ಮಡಿ" ಎಂದು ನಾಗಮಣಿ ಪಿಸುಗುಡುತ್ತಾರೆ.

"ನಂಗೊತ್ತಿಲ್ವೇನೇ? ಹಂಡೇಲಿ ಇನ್ನೂ ನೀರಿದೆ. ನೀನು ಹಿಡಿಯಮ್ಮ."

ಅಂಬುಜಮ್ಮ ಪಕ್ಕದಲ್ಲಿ ಕೂರುತ್ತಾರೆ. ಕೈ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ಆ ಮುದಿ ಮಂಡಿಯ ಮೇಲೆ ಇಳಿಯುತ್ತದೆ. ಇನ್ನೊಂದು ಕೈ ಬೆನ್ನಿಗೆ. ಭಾಗ್ಯಮ್ಮ ಉಸಿರು ಬಿಡುತ್ತಾರೆ, ಪೂರ್ತಿ. ಬೆನ್ನು ಮಡಚಿದ ಬಟ್ಟೆಯಂತೆ ಬಾಗಿ ಹಣೆ ಮಂಡಿಗೆ ತಾಕುತ್ತದೆ. ಈ ಮೂರು ವಾರದಲ್ಲಿ ಒಮ್ಮೆಯೂ ಅದು ತಾಕಿರಲಿಲ್ಲ. ಬಗ್ಗಿದಲ್ಲಿಂದಲೇ ಅವರು, "ನೋಡ್ಕೊಂಡ್ರಾ ವೇದವತಿಯವ್ರೇ? ಇನ್ನು ಎದ್ದರೆ ಮತ್ತೆ ಬಗ್ತೀನೋ ಇಲ್ವೋ" ಎನ್ನುತ್ತಾರೆ.

ವೇದವತಿ ಬೀಸಣಿಗೆಯನ್ನು ಕಂಕುಳಿಗೆ ಸೇರಿಸುತ್ತಾರೆ. ಜೊತೆಯವರ ಮುಖ ನೋಡುತ್ತಾರೆ. ಅವರು ತಲೆಯಾಡಿಸಿ ಆಗಿದೆ. "ಜೂನ್ ಒಂದನೇ ತಾರೀಕು ಬಂದುಬಿಡಿ ಅಂಬುಜಮ್ಮನವರೇ. ಕಣ್ಣು ಮುಚ್ಕೊಂಡು ಕಲೀರಿ ಅಂತ ಹುಡುಗೀರಿಗೆ ನಾನೇ ಹೇಳಿರ್ತೀನಿ."

ಹಜಾರದಲ್ಲಿ ಈಗ ಏಳುವ ನಗುವನ್ನು ಯಾರೂ ಅಡಗಿಸುವುದಿಲ್ಲ. ಕಮಲ ಎಲ್ಲರಿಗೂ ಪಾನಕ ಹಂಚುತ್ತಾರೆ. ಈ ಹೆಂಗಸರು ಮುಂದೆಯೂ ಬೆಳಗಿನ ಜಾವ ಬರಬಹುದು, ಶಾಲೆಯ ಹಜಾರಕ್ಕೆ. ಅದಕ್ಕೂ ವೇದವತಿಯವರ ಒಪ್ಪಿಗೆ ಸಿಕ್ಕಿದೆ. ಭಾಗ್ಯಮ್ಮ ಎರಡನೇ ಸ್ನಾನಕ್ಕೆ ಮನೆಗೆ ಹೊರಟಿದ್ದಾರೆ, ಅವಸರವೇನೂ ಇಲ್ಲದೆ.

ಅಂಬುಜಮ್ಮ ಜಮಖಾನ ಕೊಡವಿ ಮಡಚುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ, ಮಡಚಿದ್ದನ್ನು ಮೂಲೆಯಲ್ಲಿಟ್ಟು ಹೇಳುತ್ತಾರೆ.

"ಆ ಶಾಲೆಯ ಹುಡುಗೀರು ಮುಂದೆ ಎಲ್ಲೋ ಕುಣೀತಾರೆ, ಎಲ್ಲೋ ಕಲಿಸ್ತಾರೆ. ಅವರ ನಡಿಗೆ ನೋಡಿ, ಇವರ ಗುರು ಕುಂಟಿ ಅಂತ ಒಬ್ಬರಿಗೂ ಗೊತ್ತಾಗ್ಬಾರ್ದು. ಅಷ್ಟಾದ್ರೆ ನಾನು ಕಲಿಸಿದ್ದು ಸರಿ ಅಂತ ಲೆಕ್ಕ."