ಹೊಳೆಯಿಂದ ಎತ್ತಿದ ಮನುಷ್ಯ
ಅಮೆರಿಕದ ಅಯೋವಾ ರಾಜ್ಯದಲ್ಲಿ ಊರೂರಿನ ಪ್ರಚಾರಸಭೆಗಳಲ್ಲಿ ಕಾಫಿ ಹಂಚುವ ಜವಾಬ್ದಾರಿ ನನ್ನದು. ಇವತ್ತು ಮೊದಲ ಲೋಟವನ್ನೇ ವರ್ಲಿನ್ ಟೆಸ್ಡಾಲ್ ಅವರ ಮೊಣಕಾಲ ಮೇಲೆ ಸುರಿದೆ. "ಗಾಬರಿಯಾಗ್ಬೇಡ ಕಣಯ್ಯ, ಆ ಕಾಲು ಪ್ಲಾಸ್ಟಿಕ್ಕು," ಎಂದರು. ಅಧ್ಯಕ್ಷ ಪದವಿಗೆ ನಿಂತಿರುವ ಸೆನೆಟರು ವಿಯೆಟ್ನಾಮ್ ಯುದ್ಧದಲ್ಲಿ ಹೊಳೆಯಿಂದ ಎತ್ತಿ ಬದುಕಿಸಿದ ಸಿಪಾಯಿ ಇವರೇ. ಪ್ರಚಾರದ ಬಸ್ಸಿನಲ್ಲಿ ಮೈಕಿನಷ್ಟೇ ಅಗತ್ಯವಾದ ಸಾಮಾನು. ಭಾಷಣದಲ್ಲಿ ಊರಿಗೊಮ್ಮೆ ಇವರು ಮುಳುಗುತ್ತಾರೆ, ಊರಿಗೊಮ್ಮೆ ಸೆನೆಟರು ಎತ್ತುತ್ತಾರೆ. ಬೇಸಿಗೆಯ ಸಭೆಗಳಲ್ಲಿ ಸೊಂಟದವರೆಗಿದ್ದ ನೀರು ಹಿಮ ಬೀಳುವಷ್ಟರಲ್ಲಿ ಸಮುದ್ರವಾಗಿತ್ತು. ತೆರಿಗೆಯೋ ಜೋಳದ ಬೆಲೆಯೋ, ಸೆನೆಟ್‌ನಲ್ಲಿ ತಾವು ಹಿಂದೆ ಹಾಕಿದ ಓಟುಗಳ ಬಗ್ಗೆ ಯಾರು ಏನು ಕೇಳಿದರೂ ಸೆನೆಟರು, "ವರ್ಲಿನ್, ಸ್ವಲ್ಪ ಎದ್ದು ನಿಲ್ಲಪ್ಪ," ಎನ್ನುತ್ತಾರೆ. ಇವರು ಎದ್ದು ನಿಲ್ಲುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಪ್ರಶ್ನೆ ಕೂತುಬಿಡುತ್ತದೆ. ಕಾಫಿ ಟ್ರೇ ಕೆಳಗಿಟ್ಟು ನಾನೂ ಎಷ್ಟೋ ಸಲ ತಟ್ಟಿದ್ದೇನೆ. ಇವತ್ತು ಒರೆಸಲು ಬಗ್ಗಿದಾಗ ಕಂಡಿತು: ಕೃತಕ ಕಾಲಿನ ಪಟ್ಟಿ ಹರಿದಿದೆ, ಸೆನೆಟರ ಹೆಸರಿರುವ ರಿಬ್ಬನ್ನಿನಿಂದ ಬಿಗಿದು ಕಟ್ಟಿದ್ದಾರೆ. "ಸೈನಿಕರ ಆಸ್ಪತ್ರೆಗೆ ಹೋಗಬಾರದಾ ಸಾರ್?" "ನಮ್ಮೂರಿಂದು ಮುಚ್ಚಿಬಿಟ್ರಲ್ಲ. ಮುಚ್ಚಿ ಅಂತ ಸೆನೆಟ್‌ನಲ್ಲಿ ಇವನೂ ಓಟು ಹಾಕಿದ." "ಮತ್ತೆ ಅವರಿಗೆ ನೀವು ಹೇಳಲಿಲ್ವಾ?" ವರ್ಲಿನ್ ರಿಬ್ಬನ್ನಿನ ಗಂಟು ಬಿಗಿಮಾಡಿಕೊಂಡರು. "ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ನನಗೇ ಹೊಳೆ ಕಥೆ ಹೇಳಿದ."