ಬೀಗದಕ್ಕ ಹೊಸ ಕಟ್ಟಡಕ್ಕೆ ಬರುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿರಿಯರ ಹಗಲು ಕೇಂದ್ರದ ಬೀಗ ತೆಗೆದು, ಬಾಗಿಲನ್ನು ಬೀಗದಕ್ಕ ಭುಜ ಕೊಟ್ಟು ತಳ್ಳುತ್ತಾರೆ. ಬೀಗದ ಕೈ ಸದಾ ಇವರ ಬಳಿಯೇ, ಅದಕ್ಕೇ ಎಲ್ಲರಿಗೂ ಬೀಗದಕ್ಕ. ಒಂದು ಕೈ ತಾಯಿಯ ರಟ್ಟೆ ಹಿಡಿದಿದೆ. ತಾಯಿಯನ್ನು ಕಿಟಕಿಯ ಪಕ್ಕ ಕೂರಿಸಿ, ನೆಲ ಒರೆಸಿ, ಶೌಚಾಲಯ ತೊಳೆದು, ಯಾವ ಕುರ್ಚಿಯ ಕಾಲು ಸಡಿಲವಾಗಿದೆ ಎಂದು ಒಂದೊಂದನ್ನೂ ಅಲ್ಲಾಡಿಸಿ ನೋಡುತ್ತಾರೆ.

"ಮಂಡಿ ನನ್ನ ಮಾತು ಕೇಳೋದು ಬಿಟ್ಟು ಯಾವ ಕಾಲ ಆಯ್ತೋ! ನಾನೂ ಅದರ ಮಾತು ಕೇಳಲ್ಲ, ಅಲ್ಲಿಗಲ್ಲಿಗೆ ಸರಿಹೋಯ್ತು" ಎಂದು ನಗುತ್ತಾರೆ. ಪಾಪ, ನಗುವುದಕ್ಕೂ ಸುಸ್ತು.

ಇಪ್ಪತ್ತು ವರ್ಷದ ಹಿಂದೆ ಇದು ಸಂಸ್ಥೆಯೇ ಆಗಿರಲಿಲ್ಲ. ಬೀಗದಕ್ಕನ ಪಕ್ಕದ ಮನೆಯ ಟೀಚರ್, ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಔಷಧಿ ಅಂಗಡಿಗೂ ಹೋಗಲಾಗದೆ ಅಳುತ್ತಿದ್ದರು. "ಹೋಗಿ ಬನ್ನಿ ಟೀಚರ್, ನಾನು ಕೂತಿರ್ತೀನಿ" ಎಂದರು ಇವರು. ಅಷ್ಟೇ ಶುರು. ಮತ್ತೊಂದು ಮನೆಯವರು ಕರೆದರು, ಮಗದೊಬ್ಬರು ಕರೆದರು. ಆಮೇಲೆ ಬಾಡಿಗೆ ಕೋಣೆ, ಈ ಹಳೇ ಮನೆ, ವ್ಯಾನು, ನರ್ಸು, ಆರೈಕೆ ಮಾಡಿ ಹೈರಾಣಾದ ಮನೆಯವರಿಗೊಂದು ವಾರದ ಸಭೆ. ಈಗ ದಿನಕ್ಕೆ ಅರವತ್ತು ಹಿರಿಯರು ಬರುತ್ತಾರೆ. ಟೀಚರ್ ಅಧ್ಯಕ್ಷರಾಗಿದ್ದಾರೆ. ಬೀಗದಕ್ಕ ಬೀಗದಕ್ಕನಾಗಿಯೇ ಇದ್ದಾರೆ.

ಮುಂದಿನ ತಿಂಗಳು ಸಂಸ್ಥೆ ಊರಾಚೆಯ ಮೂರಂತಸ್ತಿನ ಕಟ್ಟಡಕ್ಕೆ ಹೋಗುತ್ತಿದೆ. ಅಲ್ಲಿಗೆ ಎರಡು ಬಸ್ಸು ಹಿಡಿಯಬೇಕು. ಮರೆವು ಹೆಚ್ಚಾದ ತಾಯಿ ಬಸ್ಸಿನ ಸದ್ದಿಗೇ ಕಿರುಚಿಕೊಳ್ಳುತ್ತಾರೆ. ಬೀಗದಕ್ಕ ನಸುಕಿನಲ್ಲೇ ಹೊರಡಬೇಕು, ಹಿರಿಯರನ್ನು ಕರೆದೊಯ್ಯುವ ವ್ಯಾನು ಬರುವುದು ಬಿಸಿಲೇರಿದ ಮೇಲೆ. ಅಲ್ಲಿಯವರೆಗೆ ತಾಯಿಯನ್ನು ನೋಡಿಕೊಳ್ಳುವವರು ಯಾರು? ಸಂಸ್ಥೆ ಮನೆಗೇ ಸಹಾಯಕಿಯರನ್ನು ಕಳಿಸುತ್ತದೆ ನಿಜ, ಆದರೆ ಸರದಿ ಉದ್ದವಿದೆ.

"ನಿನ್ನನ್ನ ಮುಂದೆ ಹಾಕಿಸ್ತೀನಿ ಕಣೇ" ಎಂದರಂತೆ ಟೀಚರ್.

"ಬೇಡ ಅಂದೆ. ಸರದಿಯಲ್ಲಿರೋ ಆ ಮನೆಗಳಲ್ಲೂ ನನ್ನಂಥವಳೇ ಒಬ್ಬಳು ನಿದ್ದೆಗೆಟ್ಟು ಕೂತಿರ್ತಾಳಲ್ಲ. ಅವಳನ್ನ ಹಿಂದೆ ತಳ್ಳಿ ನಾನು ಹೆಂಗೆ ಹೋಗ್ಲಿ?"

ಹಾಗಾಗಿ ಈ ತಿಂಗಳಿಗೆ ಕೆಲಸ ಬಿಡುತ್ತಿದ್ದಾರೆ. ಬೇಜಾರಿಲ್ಲವೇ ಎಂದರೆ ಒರೆಸುಬಟ್ಟೆ ಹಿಂಡುತ್ತಲೇ ರೇಗುತ್ತಾರೆ: "ಸಂಕಟ ಆಗದೆ ಇರುತ್ತಾ? ನಾನೇ ಎತ್ತಿ ಆಡಿಸಿದ್ದು ಇದನ್ನ."

ಕಿಟಕಿಯ ಕಡೆಯಿಂದ ತಾಯಿ ಕರೆಯುತ್ತಾರೆ: "ಯಾರಮ್ಮ ನೀನು? ಹೊತ್ತಾಯ್ತು, ಮನೇಲಿ ನಿಮ್ಮಮ್ಮ ಕಾಯ್ತಿರಲ್ವಾ?"

"ಹ್ಞೂಂ ಕಣಮ್ಮ, ಕಾಯ್ತಿದ್ದಾಳೆ. ಹೊರಟೆ."

ಬೀಳ್ಕೊಡುಗೆಗೆ ಏನು ಬೇಕೆಂದು ಟೀಚರ್ ಕೇಳಿದ್ದಾರೆ. ಬೀಗದಕ್ಕ ಯೋಚಿಸಿಟ್ಟಿದ್ದಾರೆ.

"ಯಾರಾದ್ರೂ ಒಂದು ಹೊತ್ತು ಅಮ್ಮನ ಹತ್ರ ಕೂತ್ಕೊಳ್ಳಿ. ತಲೆಗೆ ನೀರು ಹಾಕ್ಕೊಂಡು, ಕೂದಲು ಒಣಗೋವರೆಗೂ ಬಿಸಿಲಲ್ಲಿ ಸುಮ್ನೆ ಕೂತಿರ್ಬೇಕು ನಾನು."