ಗೆರೆ ಕಂಡರೆ ಎಡಕ್ಕೆ ಸರಿಯುವ ಬಚ್ಚಪ್ಪ

ಬೆಳಕು ಹರಿಯುವ ಹೊತ್ತಿಗೆ ಚಾಮರಾಜಪೇಟೆಯ ಅಂಚಿನಲ್ಲಿ ಬಚ್ಚಪ್ಪ ಮೈಸೂರು ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುತ್ತಾನೆ. ದೂರದಿಂದ ಸೈಕಲ್ಲು ತುಳಿದುಕೊಂಡು ಬಂದು ಅದನ್ನು ನೇರವಾಗಿ ದಾಟಬೇಕು, ಅಷ್ಟೇ. ಗೆರೆ ಹತ್ತಿರವಾದಂತೆ ಸೈಕಲ್ಲು ಎಡಕ್ಕೆ ವಾಲುತ್ತದೆ. "ಥೂ, ಹಾಳ್ ಕೈ!" ಎಂದು ಬೈದುಕೊಂಡು ಮತ್ತೆ ಹಿಂದಕ್ಕೆ ಹೋಗುತ್ತಾನೆ. ಸೊಪ್ಪಿನ ಗಾಡಿಯವನೊಬ್ಬ ಕೇಳುತ್ತಾನೆ: "ಏನಣ್ಣಾ, ರಸ್ತೆ ಸೊಟ್ಟಗೈತಾ?"

ಬಚ್ಚಪ್ಪ ಸಂಬಳದ ಸವಾರ. ಪಂದ್ಯದ ದಿನ ತನ್ನನ್ನು ಗೊತ್ತುಮಾಡಿಕೊಂಡ ಗಿರಾಕಿಯ ಮುಂದೆ ಮುಂದೆ ತುಳಿಯುತ್ತಾನೆ. ಎದುರುಗಾಳಿಯ ಹೊಡೆತವೆಲ್ಲ ಇವನಿಗೆ, ಹಿಂದಿನವನಿಗೆ ಸಲೀಸು. ಪಂದ್ಯ ಮುಗಿಯುವ ಗೆರೆ ಕಂಡ ಕೂಡಲೇ ಇವನು ಎಡಕ್ಕೆ ಸರಿದು ದಾರಿ ಬಿಡಬೇಕು. ಹಾರ ಹಿಂದಿನವನ ಕೊರಳಿಗೆ. ಮೀಸೆ ಚಿಗುರಿದಾಗಿನಿಂದ ಇದೇ ಕಸುಬು. ದಿನವೂ ಬಿಡದಿಯವರೆಗೆ ಹೋಗಿ ಬರುತ್ತಾನೆ. ಒಮ್ಮೆ ಎತ್ತಿನಗಾಡಿ ಅಡ್ಡ ಬಂದು ಹೆಗಲ ಮೂಳೆ ಮುರಿದಿತ್ತು. "ತೋಟದಲ್ಲಿ ಸೌತೆಕಾಯಿ ಮೂಟೆ ಹೊತ್ತ ಮೈ ಸ್ವಾಮಿ, ಗಾಳಿ ಏನ್ ಮಹಾ ಭಾರ?" ಎನ್ನುತ್ತಾನೆ. ಹೆಂಡತಿ ಮುನಿಗಂಗಮ್ಮನ ಮಾತೇ ಬೇರೆ: "ಗಾಳಿ ಜೊತೆ ಜಗಳ ಆಡಿ ಸಂಬಳ ತರೋ ಗಂಡ ಈ ಊರಲ್ಲಿ ನನಗೊಬ್ಬಳಿಗೇ ಇರೋದು."

ಹೋದ ವರ್ಷ ಸೈಕಲ್ ಅಂಗಡಿಯ ಶೀನಣ್ಣ ಕೆಂಗೇರಿಯಿಂದ ಇಲ್ಲಿಗೊಂದು ಪಂದ್ಯ ಇಟ್ಟ. ಸಂಬಳದವರು, ಶೋಕಿಯವರು, ಯಾರಾದರೂ ಸರಿ, ಅವರವರ ಪಾಡಿಗೆ ತುಳಿಯಬಹುದು. ಬಚ್ಚಪ್ಪ ಎಲ್ಲರಿಗಿಂತ ಮುಂದಿದ್ದ. ಗೆರೆ ಕಂಡಿತು. ಕೈ ತನ್ನ ಅಭ್ಯಾಸ ಬಿಡಲಿಲ್ಲ, ಎಡಕ್ಕೆ ಸರಿದುಬಿಟ್ಟ. ಹಿಂದಿದ್ದ ರಾಮಾನುಜ, ಬಸವನಗುಡಿಯ ಗುಮಾಸ್ತ, ಇವನ ಹಳೆಯ ಗಿರಾಕಿ, ನೇರವಾಗಿ ದಾಟಿ ಬೆಳ್ಳಿ ಬಟ್ಟಲು ಗೆದ್ದ. ಬಚ್ಚಪ್ಪ ಕಾಸು ತಿಂದು ಬಿಟ್ಟುಕೊಟ್ಟ ಎಂದು ಅಕ್ಕಿಪೇಟೆಯವರೆಗೂ ಸುದ್ದಿಯಾಯಿತು.

"ಸೋತಿದ್ದಕ್ಕೆ ಬೇಜಾರಿಲ್ಲ. ಮಾರ್ಕೊಂಡೆ ಅಂತಾರಲ್ಲ, ಅದು ಚುಚ್ತದೆ," ಎನ್ನುತ್ತಾನೆ ಬಚ್ಚಪ್ಪ.

ಈ ಭಾನುವಾರ ಮತ್ತೆ ಅದೇ ಪಂದ್ಯ. ಆಡಿಕೊಂಡವರ ಬಾಯಿ ಮುಚ್ಚಿಸಲು ಬಚ್ಚಪ್ಪನಿಗೆ ಗೆಲ್ಲುವುದು ಬಿಟ್ಟು ಬೇರೆ ದಾರಿಯಿಲ್ಲ. ಮೊನ್ನೆ ರಾಮಾನುಜನೇ ಬಂದು ಎಚ್ಚರಿಸಿ ಹೋಗಿದ್ದಾನೆ: "ಈ ಸಲ ದಾರಿ ಗೀರಿ ಬಿಟ್ಟೀಯ, ಜೋಕೆ! ಆ ಬೆಳ್ಳಿ ಬಟ್ಟಲು ಮನೇಲಿ ಇಟ್ಕೊಳ್ಳೋಕೇ ನಾಚ್ಕೆ ಆಗತ್ತೆ ಕಣಯ್ಯ."

ಸುಣ್ಣದ ಗೆರೆಯ ಅಭ್ಯಾಸ ಮುನಿಗಂಗಮ್ಮನಿಗೆ ಸಾಲದು. ಪಂದ್ಯದ ದಿನ ಗಂಡ ಸರಿದುಕೊಳ್ಳುವ ಆ ಎಡಬದಿಯಲ್ಲಿ ತಾನೇ ನಿಲ್ಲುವುದಾಗಿ ತೀರ್ಮಾನಿಸಿದ್ದಾಳೆ. "ಬರ್ಲಿ ಎಡಕ್ಕೆ. ನನ್ ಮೇಲೇ ಹತ್ತಿಸ್ಲಿ, ನೋಡೇಬಿಡ್ತೀನಿ."

ಈಗೇನು ಮಾಡುತ್ತೀಯೆಂದು ಕೇಳಿದರೆ ಬಚ್ಚಪ್ಪ ಚಕ್ರಕ್ಕೆ ಮೆತ್ತಿದ ಸುಣ್ಣ ಒರೆಸುತ್ತಾನೆ.

"ಗೆಲ್ಲೋದೇ ವಾಸಿ ಸ್ವಾಮಿ. ಅವಳಿಗೆ ಗುದ್ದಿ ಮನೆಗೆ ಹೋಗೋಷ್ಟು ಧೈರ್ಯ ನಂಗಿಲ್ಲ."